ಹದಿನೈದು ನಿಮಿಷದ ಕುರ್ಚಿ

ಬೆನ್ನು ನೋಡಿ ಜನರನ್ನು ಗುರುತು ಹಿಡಿಯುವ ವಿದ್ಯೆ ನನಗೆ ಬಂದದ್ದು ಐವತ್ತು ದಾಟಿದ ಮೇಲೆ. ಮಸಾಜ್ ಕುರ್ಚಿಯಲ್ಲಿ ಕೂತವರು ಎದೆಯನ್ನು ಮುಂದಿನ ಮೆತ್ತೆಗೆ ಆನಿಸಿ, ಕೈಗಳನ್ನು ಕೆಳಗಿನ ಹಲಗೆಯ ಮೇಲೆ ಚಾಚಿ, ತೂತಿರುವ ದಿಂಬೊಂದರೊಳಗೆ ಮುಖ ಇಟ್ಟು ಕೂಡುತ್ತಾರೆ. ಬಟ್ಟೆ ಮೈಮೇಲೆಯೇ ಇರುತ್ತದೆ. ಎಣ್ಣೆಯಿಲ್ಲ, ಪರದೆಯಿಲ್ಲ, ಬಾಗಿಲು ಹಾಕುವುದಿಲ್ಲ. ಹದಿನೈದು ನಿಮಿಷ ಅವರಿಗೆ ಕಾಣುವುದು ನೆಲ ಮತ್ತು ನನ್ನ ಚಪ್ಪಲಿ, ನನಗೆ ಕಾಣುವುದು ಅವರ ಬೆನ್ನು. ಮಾರನೆಯ ವಾರ ಅವರೇ ಎದುರು ಬಂದು ನಕ್ಕರೆ ಯಾರೆಂದು ನನಗೆ ತಿಳಿಯುವುದಿಲ್ಲ. ಅವರು ತಿರುಗಿ ನಾಲ್ಕು ಹೆಜ್ಜೆ ಹೋದ ಮೇಲೆ, ಓಹೋ ಎಡ ಹೆಗಲು ಎತ್ತಿಕೊಂಡು ನಡೆಯುವವರು ಇವರೇ ಅಲ್ಲವೇ ಎಂದು ಹೊಳೆಯುತ್ತದೆ. ಆಮೇಲೆ ಕೂಗಿ ಮಾತಾಡಿಸಲು ನಾಚಿಕೆಯಾಗುತ್ತದೆ.

ನನ್ನ ಗಂಡ ರೈಲ್ವೆಯಲ್ಲಿ ಅಧಿಕಾರಿಯಾಗಿದ್ದರು. ಧಾರವಾಡದಿಂದ ಹೊರಟು ಊರೂರು ಸುತ್ತಿ ಕಡೆಗೆ ಕೋಲ್ಕತ್ತಕ್ಕೆ ಬಂದು, ಸಿಯಾಲ್ದಾ ಹತ್ತಿರದ ಕ್ವಾರ್ಟರ್ಸಿನಲ್ಲಿ ಹನ್ನೆರಡು ವರ್ಷ ಇದ್ದೆವು. ಅವರಿಗೆ ಪಾರ್ಶ್ವವಾಯು ಹೊಡೆದದ್ದೂ ಅಲ್ಲೇ. ಎರಡು ವರ್ಷ ಅವರ ಬಲಗೈ ಬಲಗಾಲನ್ನು ದಿನಕ್ಕೆ ಮೂರು ಹೊತ್ತು ಒತ್ತಿ, ಮಡಚಿ, ಚಾಚಿ ನೋಡಿಕೊಂಡೆ. ಫಿಸಿಯೋಥೆರಪಿಸ್ಟ್ ಬಂದು ಕಲಿಸಿಕೊಟ್ಟದ್ದಕ್ಕಿಂತ ಹೆಚ್ಚು ಆ ಕೈಯೇ ನನಗೆ ಕಲಿಸಿತು. ಅವರು ಹೋದ ಮೇಲೆ ಜನ ಬಂದರು, ಸಮಾಧಾನ ಹೇಳಿದರು, ಹೋದರು. ಬೆಳಿಗ್ಗೆ ಎಂಟು ಗಂಟೆಗೆ ಸರಿಯಾಗಿ ನನ್ನ ಕೈಗಳು ತಾವಾಗಿಯೇ ಒತ್ತುವುದಕ್ಕೆ ಏನಾದರೂ ಹುಡುಕುತ್ತಿದ್ದವು. ಚಪಾತಿ ಹಿಟ್ಟನ್ನು ಬೇಕಾದ್ದಕ್ಕಿಂತ ಹೆಚ್ಚು ನಾದಿ, ತಿನ್ನುವವರಿಲ್ಲದೆ ಕೆಲಸದವಳಿಗೆ ಕೊಟ್ಟು ಕಳಿಸುತ್ತಿದ್ದೆ.

ಹುಬ್ಬಳ್ಳಿಯಿಂದ ಅಣ್ಣ ಬಂದ. ನಮಗೆ ಮಕ್ಕಳಿಲ್ಲ, ಕ್ವಾರ್ಟರ್ಸ್ ಬಿಡಬೇಕು, ಇನ್ನು ಯೋಚನೆಯೇನು ಎಂಬುದು ಅವನ ಲೆಕ್ಕ.

"ಇಲ್ಲೇನದ ನಿನಗ? ಸಾಮಾನು ಕಟ್ಟು, ನಡಿ."

"ನನಗ ಒಂದ್ ವರ್ಷ ಕೊಡು ಅಣ್ಣಾ. ಒಂದ್ ಕೆಲಸಾ ಕಲೀತೀನಿ, ಮಾಡಿ ನೋಡ್ತೀನಿ."

"ಕಲಿಯೂದು ಮುಗದ ಮ್ಯಾಲೆ ಒಂದ್ ವರ್ಷ. ಅದೂ ಆಗ್ಲಿಲ್ಲಂದ್ರ ಮತ್ತ ಮಾತ ಬ್ಯಾಡ, ಬಂದಬಿಡಬೇಕು."

ಅಣ್ಣನ ಮನೆಯವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಜಗಳವಾಡಿಕೊಂಡು ಇರಬಹುದಿತ್ತು. ಅವರ ಒಳ್ಳೆಯತನಕ್ಕೇ ನಾನು ಹೆದರಿದ್ದು. ದೇವರ ಮನೆಯ ಪಕ್ಕದ ಕೋಣೆ ಬಿಟ್ಟುಕೊಡುತ್ತಾರೆ, ಬಿಸಿ ಊಟ ಹಾಕುತ್ತಾರೆ, ಬಂದವರಿಗೆಲ್ಲ ತಗ್ಗಿದ ದನಿಯಲ್ಲಿ ನನ್ನ ಪರಿಚಯ ಮಾಡಿಕೊಡುತ್ತಾರೆ. ನಾನು ಮೂಲೆಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತ ಮುದುಕಿಯಾಗುತ್ತೇನೆ. ಅದು ನನಗೆ ಬೇಡವಾಗಿತ್ತು. ಕೋಲ್ಕತ್ತದಲ್ಲೇ ಉಳಿದು, ಟಾಲಿಗಂಜ್‌ನಲ್ಲಿ ನೆಲಮಹಡಿಯ ಎರಡು ಕೋಣೆಯ ಮನೆ ಬಾಡಿಗೆಗೆ ಹಿಡಿದು, ಆರು ತಿಂಗಳ ಮಸಾಜ್ ತರಬೇತಿಗೆ ಸೇರಿಕೊಂಡೆ. ತರಗತಿಯಲ್ಲಿ ಉಳಿದವರೆಲ್ಲ ಇಪ್ಪತ್ತರ ಹುಡುಗಿಯರು. ನನ್ನನ್ನು ಮಾಶಿಮಾ, ಅಂದರೆ ಚಿಕ್ಕಮ್ಮ, ಎಂದು ಕರೆದು, ನನ್ನ ಟಿಫಿನ್ ಡಬ್ಬಿಯ ಉಪ್ಪಿಟ್ಟು ಹಂಚಿಕೊಂಡು ತಿಂದರು.

ಇಲ್ಲಿಯವರು ಮಾಘ ಮಾಸದಲ್ಲಿ ಮಾಡುವ ಸರಸ್ವತಿ ಪೂಜೆಯ ಹೊತ್ತಿಗೆ ತರಬೇತಿ ಮುಗಿಯಿತು. ಮುಂದಿನ ಕೋಣೆಯಲ್ಲಿ ಮಸಾಜ್ ಟೇಬಲ್ ಹಾಕಿ, ಬಿಳಿ ಹಾಸು ಹಾಸಿ, ಗೇಟಿಗೆ ಬೋರ್ಡು ತೂಗುಹಾಕಿದೆ. ಮೊದಲ ವಾರ ಫೋನ್ ಬಂದದ್ದೆಲ್ಲ ಗಂಡಸರದು. "ಮೇಡಂ, ಏನೇನು ಸರ್ವಿಸ್ ಕೊಡ್ತೀರಿ" ಎಂದು ದನಿ ತಗ್ಗಿಸಿ ಕೇಳುವ ಆ ಧಾಟಿಯಲ್ಲೇ ಗೊತ್ತಾಗುತ್ತಿತ್ತು. ಅವರಿಗೆ ನಾನು ಅಪ್ಪಟ ಧಾರವಾಡದ ಕನ್ನಡದಲ್ಲಿ ಮಂಗಳಾರತಿ ಎತ್ತುತ್ತಿದ್ದೆ. ಒಂದಕ್ಷರ ತಿಳಿಯದಿದ್ದರೂ ಅರ್ಥ ತಲುಪುತ್ತಿತ್ತು. ಹತ್ತನೇ ದಿನ ಬೋರ್ಡು ಇಳಿಸಿದೆ.

ತರಬೇತಿ ಕೊಟ್ಟ ಬಂಗಾಳಿ ಹೆಂಗಸಿನ ಬಳಿ ಹೋಗಿ ಗೋಳು ಹೇಳಿಕೊಂಡೆ. ಅವರು ನಗಲಿಲ್ಲ. ಮಸಾಜ್ ಎಂಬ ಮಾತಿಗೇ ಈ ಊರು ಹುಬ್ಬೇರಿಸುತ್ತದೆ, ಗುರುತಿಲ್ಲದ ಮನೆಗೆ ಬಂದು ಬಟ್ಟೆ ಕಳಚಿ ಮಲಗು ಎಂದರೆ ಯಾವ ಮರ್ಯಾದಸ್ಥ ಹೆಂಗಸು ಬರುತ್ತಾಳೆ, ಎಂದರು. ಕುರ್ಚಿ ತೆಗೆದುಕೋ. ಜನ ಇರುವಲ್ಲಿಗೆ ಅದನ್ನು ಹೊತ್ತುಕೊಂಡು ಹೋಗು. ಬಟ್ಟೆ ಹಾಕಿಕೊಂಡೇ, ನಾಲ್ಕು ಜನ ನೋಡುತ್ತಿರುವಾಗಲೇ ಹದಿನೈದು ನಿಮಿಷ ಮಾಡು. ಎದ್ದಾಗ, ನಿಮಗೆ ಇಂಥ ಕಡೆ ಬಿಗಿತ ಇದೆ, ಟೇಬಲ್ಲಿನ ಮೇಲೆ ಒಂದು ಗಂಟೆ ಬೇಕು ಎಂದು ಒಂದೇ ಮಾತು ಹೇಳಿ ಕಾರ್ಡು ಕೊಡು. ಹೆಚ್ಚು ಮಾತು ಬೇಡ. ಕುರ್ಚಿಯೇ ಅವರನ್ನು ಟೇಬಲ್ಲಿಗೆ ಕರೆದುಕೊಂಡು ಬರುತ್ತದೆ.

ಹಾಗೆ ಕುರ್ಚಿ ಬಂತು. ಮಡಚಿ ಚೀಲಕ್ಕೆ ಹಾಕಿದರೆ ಹತ್ತು ಕಿಲೋ ಭಾರ. ಹೆಗಲಿಗೆ ಹಾಕಿಕೊಂಡು ಮೆಟ್ರೋ ಮೆಟ್ಟಿಲು ಇಳಿಯುವಾಗ ನನ್ನ ಬೆನ್ನನ್ನೇ ಯಾರಾದರೂ ಒತ್ತಿದರೆ ಸಾಕು ಅನ್ನಿಸುತ್ತಿತ್ತು. ಬಸ್ಸಿನ ಕಂಡಕ್ಟರ್ ಒಬ್ಬ "ದಿದಿ, ಎಟಾ ಕೀ? ಹಾರ್ಮೋನಿಯಮ್?" ಎಂದು ಕೇಳಿದ. ಹೌದೆಂದು ತಲೆಯಾಡಿಸಿದೆ. ಹಾಡು ಕಲಿಸುವವಳು ಎಂದುಕೊಂಡು ಜನ ಸೀಟು ಬಿಟ್ಟುಕೊಟ್ಟರು. ಆಮೇಲೆ ಕೇಳಿದವರಿಗೆಲ್ಲ ಹಾರ್ಮೋನಿಯಮ್ ಎಂದೇ ಹೇಳತೊಡಗಿದೆ.

ದುರ್ಗಾಪೂಜೆಯ ಮುಂಚಿನ ಮೂರು ವಾರ ಗರಿಯಾಹಾಟ್‌ನ ಒಂದು ಸೀರೆ ಅಂಗಡಿಯಲ್ಲಿ ಜಾಗ ಸಿಕ್ಕಿತು. ಹೆಂಡತಿಯರು ಸೀರೆ ಆರಿಸುವಷ್ಟು ಹೊತ್ತು ಗಂಡಂದಿರು ಸಿಡಿಮಿಡಿ ಮಾಡದೆ ಕೂಡಲಿ ಎಂಬುದು ಮಾಲೀಕರ ಉಪಾಯ. ಉಪಾಯ ಫಲಿಸಿತು. ಕುರ್ಚಿಯಲ್ಲಿ ಮುಖ ಹುದುಗಿಸಿದ ಗಂಡನ ಬೆನ್ನಿನ ಹತ್ತಿರ ಹೆಂಡತಿ ಬಂದು ಇದು ತೆಗೆದುಕೊಳ್ಳಲೇ ಎಂದರೆ, ಅವನು ಅಲ್ಲಿಂದಲೇ ಹೂಂ ಅನ್ನುತ್ತಿದ್ದ. ಆದರೆ ನಿಜವಾಗಿ ಕುರ್ಚಿ ಬೇಕಾಗಿದ್ದದ್ದು ಬಿಳಿ ಗಾದಿಯ ಮೇಲೆ ಬೆಳಿಗ್ಗೆಯಿಂದ ಚಕ್ಕಳಮಕ್ಕಳ ಹಾಕಿ ಕೂತು, ಸೀರೆಯ ಮೇಲೆ ಸೀರೆ ಬಿಡಿಸಿ ಎಸೆಯುವ ಮಾರಾಟಗಾರರಿಗೆ. ಅವರ ಬಲ ಹೆಗಲು ಮರದ ಗಂಟಿನ ಹಾಗೆ ಇರುತ್ತಿತ್ತು. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಒಬ್ಬೊಬ್ಬರನ್ನೇ ಕರೆದು ಒತ್ತಿಕೊಟ್ಟೆ. ದಿನಕ್ಕೆ ಇಪ್ಪತ್ತು ಮೂವತ್ತು ಜನರನ್ನು ಮುಟ್ಟಿ, ಒಬ್ಬರ ಜೊತೆಗೂ ಮಾತಾಡದೆ ಮನೆಗೆ ಬರುತ್ತಿದ್ದೆ. ಬೀಗ ತೆಗೆಯುವಾಗ ನನ್ನನ್ನು ಯಾರಾದರೂ ಮುಟ್ಟಿ ಎಷ್ಟು ದಿನವಾಯಿತೆಂದು ಎಣಿಸಿ, ಅಂಥ ಎಣಿಕೆ ಒಳ್ಳೆಯದಲ್ಲವೆಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ.

ನೂರಾರು ಕಾರ್ಡು ಹಂಚಿದ್ದೆ. ಟೇಬಲ್ಲಿಗೆ ಬಂದವರು ನಾಲ್ಕು ಜನ. ಕುರ್ಚಿ ಎಲ್ಲರಿಗೂ ಇಷ್ಟ, ಆದರೆ ಕುರ್ಚಿಯಿಂದ ಟೇಬಲ್ಲಿಗೆ ಇರುವ ದಾರಿಯನ್ನು ಯಾರೂ ನಡೆಯುತ್ತಿರಲಿಲ್ಲ. ವರ್ಷದಲ್ಲಿ ಮುಕ್ಕಾಲು ಕಳೆದಿತ್ತು. ಅಣ್ಣ ಫೋನ್ ಮಾಡಿದಾಗಲೆಲ್ಲ ಕೋಣೆಗೆ ಸುಣ್ಣ ಹೊಡೆಸಿದ್ದೇನೆ ಎನ್ನುತ್ತಿದ್ದ.

ಈಗ ನನ್ನ ಗೆಳತಿಯ ವಿಷಯ ಹೇಳಬೇಕು. ಕ್ವಾರ್ಟರ್ಸಿನಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದವಳು, ಗದಗ ಕಡೆಯವಳು. ಅವಳ ಗಂಡ ನನ್ನ ಗಂಡನ ಕೈಕೆಳಗೆ ಕೆಲಸ ಮಾಡುತ್ತಿದ್ದರು. ಅವಳು ಡಾಲ್‌ಹೌಸಿಯ ದೊಡ್ಡ ಸರ್ಕಾರಿ ಕಚೇರಿಯೊಂದರಲ್ಲಿ ನೌಕರಿಯಲ್ಲಿದ್ದಳು. ನನಗಿಂತ ಆರು ವರ್ಷ ಚಿಕ್ಕವಳು, ನನ್ನನ್ನು ನಮ್ಮ ಕಡೆಯ ರೂಢಿಯಂತೆ ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದಳು. ಭಾನುವಾರ ಮಧ್ಯಾಹ್ನ ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ಮೇಲೆ ಬರುತ್ತಿದ್ದಳು. ನಾನು ಅವಳ ತಲೆಗೆ ಎಣ್ಣೆ ತಿಕ್ಕುತ್ತಿದ್ದೆ, ಅವಳು ನನ್ನ ತಲೆಗೆ. ಅತ್ತೆಯ ಮೇಲಿನ ದೂರಿನಿಂದ ಹಿಡಿದು ಹಪ್ಪಳದ ಹಿಟ್ಟಿನವರೆಗೆ ಎಲ್ಲ ಮಾತೂ ಆ ಹೊತ್ತಿನಲ್ಲೇ. ಟಾಲಿಗಂಜ್‌ಗೆ ಬಂದ ಮೇಲೂ ತಿಂಗಳಿಗೆ ಎರಡು ಭಾನುವಾರ ಬರುತ್ತಿದ್ದಳು. ಈ ಊರಿನಲ್ಲಿ ಬಾಯಿತುಂಬ ಕನ್ನಡ ಮಾತಾಡಲು ನನಗಿದ್ದವಳು ಅವಳೊಬ್ಬಳೇ.

ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಇಲ್ಲಿನ ಕನ್ನಡದವರೆಲ್ಲ ಬಾಡಿಗೆಯ ಸಭಾಂಗಣವೊಂದರಲ್ಲಿ ಸೇರುತ್ತೇವೆ. ರೈಲ್ವೆಯವರು, ಬ್ಯಾಂಕಿನವರು, ವಿಶ್ವವಿದ್ಯಾಲಯದ ಮೇಷ್ಟ್ರುಗಳು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಅವರ ಮಕ್ಕಳು. ನಮ್ಮವರೇ ಕೈ ಹಿಡಿಯುತ್ತಾರೆಂದು ನಂಬಿ ಅಲ್ಲಿಗೆ ಕುರ್ಚಿ ಹೊತ್ತುಕೊಂಡು ಹೋದೆ. ಊಟದ ಸಾಲಿನ ಪಕ್ಕ ಬಿಡಿಸಿಟ್ಟೆ. ಎಲ್ಲರೂ ಬಂದು ನೋಡಿದರು, ಮುಟ್ಟಿದರು, ಮೆಚ್ಚಿದರು. ಕೂತವರು ಯಾರೂ ಇಲ್ಲ.

"ಛೆ ಛೆ, ನಿಮ್ಮ ಕೈಲಿ ಒತ್ತಿಸ್ಕೊಳ್ಳೋದಾ ಮೇಡಂ? ಸಾಹೇಬ್ರು ಇದ್ದಿದ್ರೆ ನಾವು ನಿಮ್ಮ ಕಾಲಿಗೆ ಬೀಳೋರು," ಎಂದರು ಮೈಸೂರಿನ ಬ್ಯಾಂಕಿನವರು.

"ಅದು ಹೇಗೆ ಆಗ್ತದೆ ಮಾರಾಯ್ರೆ," ಎಂದರು ಮಂಗಳೂರಿನ ಮೇಷ್ಟ್ರ ಹೆಂಡತಿ, ನೋಯುವ ಸೊಂಟವನ್ನು ತಾವೇ ಒತ್ತಿಕೊಳ್ಳುತ್ತ. ಇನ್ನೊಬ್ಬರು ಕುರ್ಚಿಯ ಮೇಲೆ ನೋಟು ಇಟ್ಟು, ಕೂಡದೆ, ಕೈಮುಗಿದು ಹೋದರು. ಆ ನೋಟನ್ನು ನೋಡಿ ನನ್ನ ಮೈ ಉರಿದುಹೋಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಷ್ಟು ಮರ್ಯಾದೆಗೆ ನಾನು ಏನು ಉತ್ತರ ಕೊಡಲಿ?

ಗೆಳತಿ ದೂರದಲ್ಲಿ ಪಾಯಸ ಬಡಿಸುತ್ತಿದ್ದಳು. ಕುರ್ಚಿಯ ಕಡೆ ಬರಲೇ ಇಲ್ಲ. ಅವಳಿಗೆ ಬಲಭುಜ ಎತ್ತಲಾಗುತ್ತಿರಲಿಲ್ಲ. ಸೌಟನ್ನು ಎಡಗೈಯಲ್ಲಿ ಹಿಡಿದಿದ್ದು ನನಗೆ ಕಂಡಿತ್ತು. ಹೋಗಿ ಕೇಳಿಯೇಬಿಟ್ಟೆ.

"ನೀನರ ಬಂದು ಕೂಡಬಾರದೇನ? ನೀ ಕೂತಿದ್ರ ನಾಲ್ಕ ಮಂದಿ ಕೂಡ್ತಿದ್ರು."

"ವೈನಿ, ನಿಮ್ಮ ಕೈಲೆ ಮೈ ಒತ್ತಿಸ್ಕೊಂಡ್ರ ನನಗ ಪಾಪ ಹತ್ತತದರಿ."

"ಎಣ್ಣಿ ತಿಕ್ಕಿಸ್ಕೋತಿದ್ದಿ, ಅದು?"

"ಅದು ಬ್ಯಾರೆ, ಇದು ಬ್ಯಾರೆ. ಅದಕ್ಕ ರೊಕ್ಕ ಇದ್ದಿಲ್ಲಲಾ."

ಅವಳು ಸುಳ್ಳು ಹೇಳುವವಳಲ್ಲ. ಆಮೇಲಿನ ಎರಡು ಭಾನುವಾರ ಬಂದಳು, ಆದರೆ ಎಣ್ಣೆಯ ಬಟ್ಟಲು ತರಲಿಲ್ಲ. ತಲೆ ತೊಳೆದುಕೊಂಡು ಬಂದಿದ್ದೇನೆ ಎಂದಳು. ನನ್ನ ಕೈಗೆ ಈಗ ಬೆಲೆ ಬಂದಿತ್ತು. ಬೆಲೆ ಇರುವ ಕೈಗೆ ಬಿಟ್ಟಿ ತಲೆ ಕೊಡಲು ಅವಳಿಗೆ ಸಂಕೋಚ, ಬೆಲೆ ಕೊಟ್ಟು ಭುಜ ಕೊಡಲೂ ಸಂಕೋಚ.

ಡಿಸೆಂಬರಿನಲ್ಲಿ ಅವಳ ಕಚೇರಿಯಿಂದಲೇ ಕರೆ ಬಂತು. ಅವಳು ಹೇಳಿದ್ದಕ್ಕಲ್ಲ, ಸೀರೆ ಅಂಗಡಿಯಲ್ಲಿ ಕೂತಿದ್ದ ಗಂಡನೊಬ್ಬ ಅಲ್ಲಿ ಮೇಲಧಿಕಾರಿಯಂತೆ. ನೌಕರರಿಗೆ ಒಂದು ದಿನದ ಏರ್ಪಾಡು, ಒಬ್ಬೊಬ್ಬರಿಗೆ ಹದಿನೈದು ನಿಮಿಷ. ಹೋದೆ. ಫೈಲುಗಳ ಕಪಾಟಿನ ಪಕ್ಕ ಕುರ್ಚಿ ಬಿಡಿಸಿದೆ. ಬೆಳಿಗ್ಗೆಯಿಂದ ಸಾಲು ಕರಗುತ್ತ ಬಂತು. ಮಧ್ಯಾಹ್ನ ಊಟದ ನಂತರ ತಲೆ ಎತ್ತಿದರೆ ಎದುರಿಗೆ ಅವಳು. "ಹೋಗಿ ದೀದಿ, ಹೋಗಿ, ದಿನಾ ಭುಜ ಭುಜ ಅಂತೀರಲ್ಲ" ಎಂದು ಸಹೋದ್ಯೋಗಿ ಹುಡುಗಿಯರು ಹಿಂದಿಯಲ್ಲಿ ಹೇಳುತ್ತ ಅವಳನ್ನು ಮುಂದಕ್ಕೆ ತಳ್ಳುತ್ತಿದ್ದರು. ನಾನು ಯಾರೆಂದು ಅವಳು ಅವರಿಗೆ ಹೇಳಿರಲಿಲ್ಲ. ನನ್ನನ್ನು ನೋಡದೆ ಕುರ್ಚಿಯನ್ನೇ ನೋಡುತ್ತ ನಿಂತಳು. ತಿರುಗಿ ಹೋಗಲು ಎಲ್ಲ ನೆವ ಹುಡುಕುತ್ತಿರುವುದು ಅವಳ ಮುಖದಲ್ಲಿ ಕಾಣುತ್ತಿತ್ತು.

ಬಾರ, ಕೂಡು ಬಾ ಎಂದು ನಾನು ಅನ್ನಬಹುದಿತ್ತು. ಅಂದಿದ್ದರೆ ಅವಳು ಖಂಡಿತ ಹೊರಟುಹೋಗುತ್ತಿದ್ದಳು. ನಾನು ಬೆಳಿಗ್ಗೆಯಿಂದ ಎಲ್ಲರಿಗೂ ಹೇಳಿದ್ದ ಮಾತನ್ನೇ, ಅದೇ ಹಿಂದಿಯಲ್ಲಿ, ಅವಳಿಗೂ ಹೇಳಿದೆ.

"ಆಯಿಯೇ ಮೇಡಂ. ಬೈಠಿಯೇ."

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಪರ್ಸನ್ನು ಮೇಜಿನ ಮೇಲಿಟ್ಟು, ಸೆರಗು ಸಿಕ್ಕಿಸಿ, ಕೂತು, ದಿಂಬಿನೊಳಗೆ ಮುಖ ಇಟ್ಟಳು. ಅವಳ ಕತ್ತಿನ ಹಿಂದಿನ ಮಚ್ಚೆ, ಎಡಕ್ಕೆ ವಾಲುವ ತುರುಬು ಎಲ್ಲವೂ ನನಗೆ ಗೊತ್ತಿದ್ದದ್ದೇ. ಬೆನ್ನು ಮಾತ್ರ ಹೊಸದು. ಭುಜದ ಮೂಳೆಯ ಕೆಳಗೆ ಗೋಲಿಯಷ್ಟು ದೊಡ್ಡ ಗಂಟು ಸಿಕ್ಕಿತು. ಮೊಣಕೈ ಊರಿ ಅದರ ಮೇಲೆ ಭಾರ ಬಿಟ್ಟೆ.

"ಅಯ್ಯ ಯವ್ವಾ," ಎಂದಳು ದಿಂಬಿನೊಳಗಿಂದ.

ಇಬ್ಬರೂ ಕೇಳಿಸದವರಂತೆ ಇದ್ದುಬಿಟ್ಟೆವು. ಒತ್ತಡ ಸರಿಯಿದೆಯೇ ಎಂದು ಹಿಂದಿಯಲ್ಲಿ ಕೇಳಿದೆ. ಠೀಕ್ ಹೈ ಎಂದಳು. ಹದಿನೈದು ನಿಮಿಷ ಮುಗಿಯಿತು. ಅವಳು ಎದ್ದು ಬಲಗೈಯನ್ನು ಕಿವಿಯ ಮಟ್ಟದವರೆಗೂ ಎತ್ತಿ ನೋಡಿಕೊಂಡಳು. ಅವಳ ಮುಖದಲ್ಲಿ ಬಂದ ಹಗುರವನ್ನು ನೋಡಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಕೈಯನ್ನು ಹಿಡಿದುಕೊಳ್ಳಬೇಕೆನಿಸಿತು. ಹಿಡಿಯಲಿಲ್ಲ. ಬಲಭುಜ ತುಂಬ ಬಿಗಿದಿದೆ, ಟೇಬಲ್ಲಿನ ಮೇಲೆ ಒಂದು ಗಂಟೆ ಬೇಕು ಮೇಡಂ ಎಂದು ಕಾರ್ಡು ಕೊಟ್ಟೆ. ಹನ್ನೆರಡು ವರ್ಷ ನೆರೆಮನೆಯಲ್ಲಿದ್ದವಳಿಗೆ ನನ್ನ ವಿಳಾಸದ ಕಾರ್ಡು! ಅವಳು ಅದನ್ನು ಪೂರ್ತಿ ಓದಿ ಪರ್ಸಿಗೆ ಹಾಕಿಕೊಂಡಳು.

ಎರಡು ದಿನ ಬಿಟ್ಟು ಫೋನ್ ಬಂತು. ಅವಳದೇ ನಂಬರು, ಅವಳದೇ ದನಿ. ಗುರುವಾರ ಸಂಜೆ ಏಳಕ್ಕೆ ಸಮಯ ಸಿಗುತ್ತದೆಯೇ ಎಂದು ಹಿಂದಿಯಲ್ಲಿ ಕೇಳಿದಳು. ನಾನೂ ಡೈರಿ ನೋಡುವವಳಂತೆ ಸ್ವಲ್ಪ ತಡೆದು, ಸಿಗುತ್ತದೆ ಎಂದೆ. ಡೈರಿಯಲ್ಲಿ ಅವಳೊಬ್ಬಳೇ.

ಗುರುವಾರ ಬಂದಳು. ಪರದೆಯ ಹಿಂದೆ ಬಟ್ಟೆ ಬದಲಿಸಿ, ಹಾಸು ಹೊದ್ದು, ಬೋರಲಾಗಿ ಮಲಗಿದಳು. ಒಂದು ಗಂಟೆ ಕೆಲಸ ಮಾಡಿದೆ. ಅವಳಿಗೆ ಬೇಕಾದದ್ದು ನನಗೆ ಈಗ ಅರ್ಥವಾಗಿತ್ತು. ಹಿಂದಿಯಲ್ಲಿ ನಾನು ವೈನಿಯಲ್ಲ, ಸಾಹೇಬರ ಹೆಂಡತಿಯಲ್ಲ, ಒತ್ತುವವಳು ಅಷ್ಟೆ. ಪಾಪ ಹತ್ತುವುದಿಲ್ಲ. ಹೋಗುವಾಗ ಲಕೋಟೆಯಲ್ಲಿ ದುಡ್ಡು ಇಟ್ಟಳು. ಬೇಡವೆಂದರೆ ಮತ್ತೆ ಬರುವುದಿಲ್ಲವೆಂದು ತಿಳಿದು ತೆಗೆದುಕೊಂಡೆ. ಚಹಾ ಕುಡಿಯುತ್ತೀಯಾ ಎಂದು ಕೇಳುವ ಧೈರ್ಯವಾಗಲಿಲ್ಲ. ಗಿರಾಕಿಗಳಿಗೆ ನಾನು ಚಹಾ ಕೊಡುವುದಿಲ್ಲ.

ಅವಳು ಪ್ರತಿ ಗುರುವಾರ ಬಂದಳು. ಭಾನುವಾರ ಬರುವುದು ನಿಂತಿತು.

ಅವಳೇ ಹೇಳಿರಬೇಕು. ಜನವರಿಯಲ್ಲಿ ಮಂಗಳೂರಿನ ಮೇಷ್ಟ್ರ ಹೆಂಡತಿ ಫೋನ್ ಮಾಡಿದರು, ಅವರೂ ಹಿಂದಿಯಲ್ಲೇ. ಅವರ ಹಿಂದಿ ನನ್ನದಕ್ಕಿಂತ ಹದಗೆಟ್ಟದ್ದು. ಸೊಂಟಕ್ಕೆ ಹಿಂದಿಯಲ್ಲಿ ಏನನ್ನುತ್ತಾರೋ ಸಿಗದೆ, ಎರಡು ಸಲ "ವಹ್... ವಹ್..." ಎಂದು ತಡವರಿಸಿ, ಕಡೆಗೆ "ಬೆನ್ನಿನ ನೀಚೆ" ಅಂದರು. ಆದರೂ ಪೂರ್ತಿ ಕನ್ನಡಕ್ಕೆ ಇಳಿಯಲಿಲ್ಲ. ಬ್ಯಾಂಕಿನವರ ಹೆಂಡತಿ ಬಂದರು, ಅವರ ನಾದಿನಿ ಬಂದರು, ಆಮೇಲೆ ಅವರ ಮಹಡಿಯ ಬಂಗಾಳಿ ಹೆಂಗಸರು. ಸರಸ್ವತಿ ಪೂಜೆ ಮತ್ತೆ ಬರುವಷ್ಟರಲ್ಲಿ ವಾರದ ಐದು ದಿನವೂ ಟೇಬಲ್ಲಿಗೆ ಬಿಡುವಿರಲಿಲ್ಲ. ಕುರ್ಚಿಯನ್ನು ತಿಂಗಳಿಗೊಮ್ಮೆ ಹೊರಗೆ ಒಯ್ದರೆ ಸಾಕಾಗುತ್ತಿತ್ತು.

ಅಣ್ಣನಿಗೆ ನಾನೇ ಫೋನ್ ಮಾಡಿದೆ.

"ಬರೂದಿಲ್ಲ ನಾ. ಕೆಲಸಾ ಹತ್ತಿತು."

"ಖರೇನ? ಮಂದಿ ಬರತಾರ?"

"ನಮ್ಮ ಕನ್ನಡದವರ ಭಾಳ ಬರತಾರ."

"ಮತ್ತ ಚಲೋನ ಆತಲ್ಲ. ಮಾತಿಗೆ ಮಂದಿ ಆದ್ರು," ಎಂದ ಅವನು. ಹೂಂ ಎಂದೆ. ವಿವರಿಸಿ ಹೇಳಿದ್ದರೆ ಅವನು ನಗುತ್ತಿದ್ದ. ಹೇಳುವಾಗ ನಾನು ಅಳುತ್ತಿದ್ದೆ.

ಕೇಳಿದ್ದು ನಾನೇ, ಸಿಕ್ಕಿತು. ಅದನ್ನು ಅಲ್ಲಗಳೆಯುವುದಿಲ್ಲ. ಮಲಗಿದವರ ನೋವು ನನ್ನ ಕೈಕೆಳಗೆ ಕರಗುವಾಗ ಈಗಲೂ ಸುಖವೆನಿಸುತ್ತದೆ. ಆದರೆ ಆ ದಿನ ಕಚೇರಿಯಲ್ಲಿ ಮೇಡಂ ಎಂದು ಕರೆದ ಬಾಯನ್ನು ನಾನು ಎಷ್ಟು ಸಲ ಶಪಿಸಿಕೊಂಡಿದ್ದೇನೋ. ಅವಳು ಆ ಮಾತನ್ನು ನನ್ನಿಂದ ಬೇಡಿರಲಿಲ್ಲ. ನಾನೇ ಕೊಟ್ಟದ್ದು.

ಯುಗಾದಿಯ ಹಿಂದಿನ ದಿನ ಕಡಲೆಬೇಳೆ ಬೇಯಿಸಿ ಹೂರಣ ರುಬ್ಬಿದೆ, ಇಬ್ಬರ ಅಳತೆಗೆ. ಸಾಕು ಈ ನಾಟಕ ಎಂದು ನಿಶ್ಚಯಿಸಿದ್ದೆ. ನಾಳೆ ಹೋಳಿಗಿ ಊಟಕ್ಕ ಬಾರ, ಮುಂಜಾನೆನ ಬಾ ಎಂದು ಹೇಳಬೇಕಾದ ಮಾತನ್ನು ಅಡುಗೆಮನೆಯಲ್ಲಿ ನಿಂತು ಒಮ್ಮೆ ಅಂದು ನೋಡಿಕೊಂಡೆ. ಕೈ ತೊಳೆದು ಅವಳಿಗೆ ಫೋನ್ ಮಾಡಿದೆ. ನಾನು ಬಾಯಿ ತೆರೆಯುವ ಮುಂಚೆಯೇ ಅವಳು ಮಾತಾಡಿದಳು. ಗುರುವಾರ ಏಳು ಗಂಟೆ ನೆನಪಿದೆ, ಬಂದೇ ಬರುತ್ತೇನೆ, ನೀವು ರದ್ದು ಮಾಡುತ್ತಿಲ್ಲ ತಾನೆ, ಈ ವಾರ ಭುಜ ತುಂಬ ನೋಯುತ್ತಿದೆ ಎಂದು ಹಿಂದಿಯಲ್ಲಿ ಹೇಳಿದಳು. ದನಿಯಲ್ಲಿ ನಿಜವಾದ ಗಾಬರಿ ಇತ್ತು.

"ಇಲ್ಲ ಮೇಡಂ," ಎಂದೆ ನಾನೂ ಹಿಂದಿಯಲ್ಲಿ. "ನೆನಪು ಮಾಡೋಣ ಅಂತಲೇ ಫೋನ್ ಮಾಡಿದ್ದು."